ಅತ್ತಿ ಮರದ ಬಳಗ

ಅತ್ತಿ ಹಣ್ಣು ಬಿಡಿಸಿದರೆ ಬರೀ ಹುಳ ಎಂದು ಮೂಗು ಮುರಿಯುವವರೇ ಹೆಚ್ಚು. ಪರಿಸರ ವಿಜ್ಞಾನಕ್ಕೆ ಹೊಸಬರಾದವರು ಆ ಹುಳದಿಂದಲೇ ಶುರು ಮಾಡುವುದು ಒಳ್ಳೆಯದು. ಹುಲ್ಲು, ಮಿಡತೆ, ಕಪ್ಪೆ, ಹಾವು ಎಂಬ ಆಹಾರ ಸರಪಳಿಯನ್ನು ಶಾಲೆಯಲ್ಲೇ ಕಲಿತಿರುತ್ತೀರಿ. ಅದರಲ್ಲಿ ಕಾಣುವುದು ತಿನ್ನುವ ಸಂಬಂಧ ಒಂದೇ. ಜೀವಿಗಳ ಉಳಿದ ನಂಟುಗಳನ್ನು ಹೊಳೆ ದಡದ ಅತ್ತಿ ಮರವೊಂದು ತೋರಿಸಿಕೊಡುತ್ತದೆ.

ನಾವು ಅತ್ತಿಕಾಯಿ ಎನ್ನುವುದು ನಿಜಕ್ಕೂ ಒಂದು ಹೂಗೊಂಚಲು. ಪುಟ್ಟ ಪುಟ್ಟ ಹೂಗಳು ಅದರೊಳಗೆ ಒಳಮುಖವಾಗಿ ಅರಳುತ್ತವೆ. ತುದಿಯಲ್ಲಿ ಸಣ್ಣದೊಂದು ಕಿಂಡಿ. ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ ಆ ಕಿಂಡಿಯಲ್ಲಿ ನುಸುಳಿ ಒಳಗೆ ಹೋಗುತ್ತದೆ. ನುಸುಳುವ ಭರದಲ್ಲಿ ರೆಕ್ಕೆ ಕಿತ್ತುಹೋಗುತ್ತದೆ. ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವಿನಲ್ಲಿ ಮರಿ ಬೆಳೆಯುತ್ತದೆ, ಉಳಿದವುಗಳಲ್ಲಿ ಬೀಜ ಕಟ್ಟುತ್ತದೆ. ಕೆಲವು ವಾರ ಕಳೆದ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಪರಾಗ ಹೊತ್ತ ಹೆಣ್ಣುಗಳು ಆ ದಾರಿಯಲ್ಲಿ ಹಾರಿಹೋಗುತ್ತವೆ. ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಸಂತಾನವಿಲ್ಲ. ಇಬ್ಬರಿಗೂ ಲಾಭವಿರುವ ಈ ನಂಟನ್ನು ಸಹೋಪಕಾರ ಎನ್ನಬಹುದು.

ಲಾಭವಿರುವಲ್ಲಿ ಕಳ್ಳರೂ ಸೇರುತ್ತಾರೆ. ಬೇರೆ ಜಾತಿಯ ಕಣಜಗಳು ಹೊರಗೇ ಕೂತು, ಸೂಜಿಯಂಥ ಉದ್ದನೆಯ ಅಂಗವನ್ನು ಕಾಯಿಯೊಳಗೆ ಚುಚ್ಚಿ ಮೊಟ್ಟೆಯಿಡುತ್ತವೆ. ಪರಾಗಸ್ಪರ್ಶಕ್ಕೆ ಇವುಗಳಿಂದ ಏನೂ ಆಗುವುದಿಲ್ಲ. ಇದು ಪರಾವಲಂಬನೆ. ಹೀಗೆ ಹೊರಗೆ ಕೂತವುಗಳನ್ನು ಮರದ ಮೇಲೆ ಓಡಾಡುವ ಇರುವೆಗಳು ಹಿಡಿದು ತಿನ್ನುತ್ತವೆ. ಅಂದರೆ ಬೇಟೆ ಎಂಬುದು ಕೂಡ ಕೆಲವೊಮ್ಮೆ ಮೂರನೆಯವರಿಗೆ, ಇಲ್ಲಿ ಮರಕ್ಕೆ, ರಕ್ಷಣೆಯಾಗುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಸ್ವಲ್ಪ ನಿಧಾನವಾಗಿ ಓದಿ. ಹೊರಬಂದ ಕಣಜ ಬದುಕುವುದು ಒಂದೆರಡು ದಿನ. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುವುದರಿಂದ, ಅದು ಹಾರಿಹೋಗುವ ಹೊತ್ತಿಗೆ ಅದೇ ಮರದಲ್ಲಿ ಎಳೆಗಾಯಿ ಇರುವುದಿಲ್ಲ. ಹಾಗಾಗಿ ಸುತ್ತಲಿನ ಮರಗಳು ಬೇರೆ ಬೇರೆ ಸಮಯದಲ್ಲಿ ಕಾಯಿ ಬಿಟ್ಟರೆ ಮಾತ್ರ ಕಣಜದ ವಂಶ ಉಳಿಯುತ್ತದೆ. ಇದರ ಫಲ ಇಡೀ ಕಾಡಿಗೆ ಸಿಗುತ್ತದೆ. ಬೇರೆ ಹಣ್ಣುಗಳಿಲ್ಲದ ತಿಂಗಳಲ್ಲೂ ಅತ್ತಿ, ಆಲ, ಬಸರಿಯ ಕುಟುಂಬದ ಯಾವುದಾದರೊಂದು ಮರ ಹಣ್ಣು ಹೊತ್ತಿರುತ್ತದೆ. ದಾಂಡೇಲಿಯ ಮಂಗಟ್ಟೆ ಹಕ್ಕಿ, ಹಸಿರು ಪಾರಿವಾಳ, ಕೋತಿ, ಬಾವಲಿ, ಪುನುಗಿನ ಬೆಕ್ಕು ಎಲ್ಲವೂ ಅಲ್ಲಿಗೆ ಬರುತ್ತವೆ. ಬೀಜವನ್ನು ದೂರಕ್ಕೆ ಒಯ್ದು ಹಿಕ್ಕೆಯಲ್ಲಿ ಬಿಡುತ್ತವೆ. ತನ್ನ ಸಂಖ್ಯೆಗೆ ಮೀರಿ ಇಷ್ಟು ಜೀವಿಗಳನ್ನು ಹಿಡಿದು ನಿಲ್ಲಿಸುವ ಇಂಥವನ್ನು ಕೀಸ್ಟೋನ್ ಪ್ರಭೇದ ಎನ್ನುತ್ತಾರೆ. ಆದರೆ ಕಣಜ ಉಳಿಯಲು ಬೇರೆ ಬೇರೆ ಸಮಯದಲ್ಲಿ ಕಾಯಿ ಬಿಡುವ ಹಲವು ಮರಗಳು ಬೇಕು. ರಸ್ತೆ ಅಗಲ ಮಾಡಲು ಸಾಲಿನ ಹತ್ತು ಮರ ಕಡಿದು ಒಂದನ್ನು ಉಳಿಸಿದರೆ ಸಾಲದು ಎನ್ನುವುದು ಇದಕ್ಕೇ.

ಕೆಳಗೆ ಬಿದ್ದ ಹಣ್ಣು, ಎಲೆ, ಹಿಕ್ಕೆಗಳನ್ನು ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಕರಗಿಸಿ ಮಣ್ಣಿಗೆ ಸೇರಿಸುತ್ತವೆ. ಸಾರಜನಕ, ರಂಜಕಗಳು ಬೇರಿನ ದಾರಿಯಲ್ಲಿ ಮತ್ತೆ ಮರ ಸೇರುತ್ತವೆ. ಬಿಸಿಲಿನಿಂದ ಬಂದ ಶಕ್ತಿ ಮಾತ್ರ ಹಾಗೆ ಮರಳುವುದಿಲ್ಲ. ಪ್ರತಿ ಹಂತದಲ್ಲೂ ಶಾಖವಾಗಿ ಹೊರಟುಹೋಗುತ್ತದೆ. ಜೀವಿಗಳ ಜೊತೆಗೆ ಮಣ್ಣು, ನೀರು, ಬಿಸಿಲನ್ನೂ ಸೇರಿಸಿ ಒಂದೇ ವ್ಯವಸ್ಥೆಯೆಂದು ಪರಿಗಣಿಸುವ ‘ಇಕೋಸಿಸ್ಟಮ್’ ಎಂಬ ಪದವನ್ನು ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ 1935ರಲ್ಲಿ ಬಳಕೆಗೆ ತಂದರು.

ನಿಮ್ಮೂರಿನ ಅತ್ತಿ ಮರಗಳಲ್ಲಿ ಯಾವುದು ಯಾವ ತಿಂಗಳು ಕಾಯಿ ಬಿಟ್ಟಿತೆಂದು ಒಂದು ವರ್ಷ ಬರೆದಿಡಿ. ಮುಂದಿನ ಪಾಠಕ್ಕೆ ಆ ಪಟ್ಟಿ ಬೇಕಾಗುತ್ತದೆ.