ಐಎಸ್‌ಒ ಫೈಲ್: ಡ್ರೈವ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್

ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಈಗ ಡಿವಿಡಿ ಡ್ರೈವೇ ಇಲ್ಲ. ಆದ್ರೂ ಉಬುಂಟು ಡೌನ್‌ಲೋಡ್ ಮಾಡಿದ್ರೆ ಸಿಗೋದು ಒಂದು ಐಎಸ್‌ಒ ಫೈಲ್. ಸಿಡಿಯಲ್ಲಿ ಫೈಲ್‌ಗಳನ್ನು ಜೋಡಿಸುವ ಕ್ರಮಕ್ಕೆ 1988ರಲ್ಲಿ ಐಎಸ್‌ಒ 9660 ಎಂಬ ಮಾನದಂಡ ಬಂತು. ಈ ಹೆಸರು ಅಲ್ಲಿಂದಲೇ ಬಂದದ್ದು.

ಇದು ಜಿಪ್ ಥರ ಬರೀ ಫೈಲ್‌ಗಳ ಗಂಟಲ್ಲ, ಇಡೀ ಡಿಸ್ಕ್‌ನ ಪಡಿಯಚ್ಚು. ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ, ಕಂಪ್ಯೂಟರ್ ಶುರುವಾಗೋಕೆ ಬೇಕಾದ ಬೂಟ್ ಭಾಗ, ಎಲ್ಲವೂ ಇದ್ದ ಹಾಗೇ ಒಳಗಿರುತ್ತೆ.

ಒಳಗೆ ಏನಿದೆ ಅಂತ ನೋಡೋಕೆ ವಿಂಡೋಸ್ 8 ಮತ್ತು ನಂತರದ ವಿಂಡೋಸ್‌ಗಳಲ್ಲಿ ಡಬಲ್ ಕ್ಲಿಕ್ ಸಾಕು, ಹೊಸ ಡ್ರೈವ್ ಕಾಣುತ್ತೆ. ಇದಕ್ಕೆ ಮೌಂಟ್ ಮಾಡೋದು ಅಂತಾರೆ. ಓದಬಹುದು, ಬದಲಿಸೋಕಾಗಲ್ಲ. ಮುಗಿದ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಡೋಣ.

ಓಎಸ್ ಹಾಕೋದಾದ್ರೆ? ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದ್ರೆ ಬೂಟ್ ಆಗಲ್ಲ. ಬೂಟ್ ಭಾಗ ಆ ಫೈಲ್ ಒಳಗೇ ಉಳಿದುಬಿಡುತ್ತೆ. ರೂಫಸ್‌ನಂಥ ಸಾಫ್ಟ್‌ವೇರ್ ಬಳಸಿ ಪೆನ್‌ಡ್ರೈವ್‌ಗೆ ಬರೆಯಬೇಕು. ಆಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತೆ. ಹಾಗಾಗಿ ಪ್ರಾಜೆಕ್ಟ್ ರಿಪೋರ್ಟ್, ಫೋಟೋಗಳನ್ನು ಮೊದಲೇ ಬೇರೆ ಕಡೆ ಇಟ್ಟುಕೊಳ್ಳೋಣ. ಸ್ಟಾರ್ಟ್ ಒತ್ತುವ ಮುಂಚೆ, ಆರಿಸಿದ್ದು ಸರಿಯಾದ ಡ್ರೈವೇನಾ ಅಂತ ಎರಡು ಸಲ ನೋಡೋಣ.