ಜೇಬಿನಲ್ಲೊಂದು ಡೈರಿ: ಪಾಮ್ ಪೈಲಟ್‌ನಿಂದ ನಾವು ಕಲಿಯಬಹುದಾದದ್ದು

ಇಂಟರ್ನಲ್ಸ್ ದಿನಾಂಕ ಕ್ಲಾಸ್ ಗ್ರೂಪಿನಲ್ಲಿದೆ, ಲ್ಯಾಬ್ ರೆಕಾರ್ಡ್ ಕೊಡೋ ದಿನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿದೆ, ಪ್ರಾಜೆಕ್ಟ್ ಗೈಡ್ ಬರಹೇಳಿದ ಸಮಯ ಬರೀ ತಲೆಯಲ್ಲಿದೆ. ನಮ್ಮಲ್ಲಿ ಹೆಚ್ಚಿನವರ ಕಥೆ ಇದೇ ಅಲ್ವಾ? ಕಾಲೇಜಿನಲ್ಲಿ ಒಂದು ದಿನಾಂಕ ತಪ್ಪಿದರೆ ಹೋಗುವುದು ನಮ್ಮ ಅಂಕ. ಕೆಲಸಕ್ಕೆ ಸೇರಿದ ಮೇಲೆ ತಪ್ಪಿದರೆ ಇನ್ನೊಬ್ಬರ ಕೆಲಸ ನಿಲ್ಲುತ್ತದೆ, ನಮ್ಮ ಮಾತಿಗೆ ಬೆಲೆಯೂ ಕಡಿಮೆಯಾಗುತ್ತದೆ. ಈ ಸಮಸ್ಯೆಯನ್ನೇ ಬಿಡಿಸಲು ಹೊರಟ ಒಂದು ಪುಟ್ಟ ಯಂತ್ರವನ್ನು ಈ ಸಲ ಬಿಚ್ಚಿ ನೋಡೋಣ.

ಮೊದಲು ಮರದ ತುಂಡು

1993ರಲ್ಲಿ ಆಪಲ್ ಕಂಪನಿ ನ್ಯೂಟನ್ ಎಂಬ ಕೈಗಣಕವನ್ನು ತಂದಿತು. ನಾವು ಹೇಗೆ ಬರೆದರೂ ಅದು ಓದಿಕೊಳ್ಳಬೇಕು ಅನ್ನೋದು ಆಸೆ. ಆದರೆ ಅದು ಅಕ್ಷರಗಳನ್ನು ತಪ್ಪು ತಪ್ಪಾಗಿ ಓದಿ ನಗೆಪಾಟಲಾಯಿತು. ಗಾತ್ರವೂ ಅಂಗಿಯ ಜೇಬಿಗೆ ಹಿಡಿಸುವಂಥದ್ದಲ್ಲ.

ಪಾಮ್ ಕಂಪನಿಯ ಜೆಫ್ ಹಾಕಿನ್ಸ್ ಬೇರೆ ದಾರಿ ಹಿಡಿದರು. ಸರ್ಕ್ಯೂಟ್ ಬರೆಯುವ ಮುಂಚೆ ಜೇಬಿಗೆ ಹಿಡಿಯುವಷ್ಟು ಒಂದು ಮರದ ತುಂಡು ಮಾಡಿಸಿಕೊಂಡು ಓಡಾಡಿದರು. ಮೀಟಿಂಗಿನಲ್ಲಿ ಅದನ್ನು ತೆಗೆದು, ಕಡ್ಡಿಯೊಂದರಿಂದ ಬರೆಯುವಂತೆ ನಟಿಸುತ್ತಿದ್ದರು. ಏನು ಬೇಕು, ಏನು ಬೇಡ ಅನ್ನೋದು ಹಾಗೇ ತಿಳಿಯುತ್ತಾ ಹೋಯಿತು. 1996ರಲ್ಲಿ ಪೈಲಟ್ 1000 ಮಾರುಕಟ್ಟೆಗೆ ಬಂತು. ಬೆಲೆ 299 ಡಾಲರ್, ಮೆಮೊರಿ 128 ಕಿಲೋಬೈಟ್, ಪರದೆ 160×160 ಚುಕ್ಕಿ, ಪ್ರೊಸೆಸರ್ 16 ಮೆಗಾಹರ್ಟ್ಸ್. ಶಕ್ತಿಗೆ ಎರಡು ಸಣ್ಣ ಪೆನ್ಸಿಲ್ ಸೆಲ್!

ಬರವಣಿಗೆಯ ಸಮಸ್ಯೆಗೂ ಸುಲಭದ ಉತ್ತರ ಸಿಕ್ಕಿತು. ಗ್ರಾಫಿಟಿ ಎಂಬ ಪದ್ಧತಿಯಲ್ಲಿ ಹೆಚ್ಚುಕಮ್ಮಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದೇ ಗೆರೆ. ‘ಎ’ ಬರೆಯಲು ಅಡ್ಡಗೆರೆ ಬೇಡ, ಗುಡ್ಡದ ಆಕಾರ ಎಳೆದರೆ ಸಾಕು. ಯಂತ್ರ ಪೂರ್ತಿ ಕಲಿಯುವ ಬದಲು ಮನುಷ್ಯ ಸ್ವಲ್ಪ ಕಲಿತರೆ ಇಬ್ಬರಿಗೂ ಸುಲಭ.

ನಾಲ್ಕು ಗುಂಡಿ, ನಾಲ್ಕು ಕೆಲಸ

ದಿನಚರಿ, ವಿಳಾಸ, ಮಾಡಬೇಕಾದ ಕೆಲಸಗಳ ಪಟ್ಟಿ, ಟಿಪ್ಪಣಿ. ಒಂದೊಂದಕ್ಕೂ ಒಂದು ಗುಂಡಿ. ಯಂತ್ರ ಆಫ್ ಆಗಿದ್ದರೂ ಗುಂಡಿ ಒತ್ತಿದ ಕೂಡಲೇ ಆ ಪುಟ ತೆರೆಯುತ್ತಿತ್ತು. ಕಾರಿಡಾರಿನಲ್ಲಿ ಯಾರೋ "ಗುರುವಾರ ಮೂರಕ್ಕೆ ಸಿಗೋಣ" ಅಂದರೆ ಅಲ್ಲೇ ನಿಂತು ಬರೆದುಕೊಳ್ಳಬಹುದು. ಬರೆಯೋಕೆ ತಡವಾದಷ್ಟೂ ಮರೆವು ಗೆಲ್ಲುತ್ತದೆ.

ಹಾಟ್‌ಸಿಂಕ್ ಒಳಗೆ

ಈ ಯಂತ್ರಕ್ಕೊಂದು ದೌರ್ಬಲ್ಯವಿತ್ತು. ಮಾಹಿತಿಯೆಲ್ಲಾ ರ‍್ಯಾಮ್‌ನಲ್ಲಿ. ಸೆಲ್ ಪೂರ್ತಿ ಮುಗಿದರೆ ಎಲ್ಲವೂ ಮಾಯ. ಅದಕ್ಕೇ ತೊಟ್ಟಿಲಿನಂಥ ಸ್ಟ್ಯಾಂಡಿನಲ್ಲಿ ಕೂರಿಸಿ ಒಂದು ಗುಂಡಿ ಒತ್ತಿದರೆ ಕಂಪ್ಯೂಟರಿನಲ್ಲಿ ಪ್ರತಿ ಉಳಿಯುವ ಏರ್ಪಾಡು. ಅದರ ತರ್ಕ ನಮ್ಮ ಡೇಟಾಬೇಸ್ ಪಾಠಕ್ಕೂ ಉಪಯೋಗಕ್ಕೆ ಬರುತ್ತದೆ.

ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ, ಜೊತೆಗೆ ‘ಬದಲಾಗಿದೆ’ ಎಂದು ಹೇಳುವ ಒಂದು ಬಿಟ್. ಸಿಂಕ್ ಮಾಡುವಾಗ ಆ ಬಿಟ್ ಇರುವ ದಾಖಲೆಗಳು ಮಾತ್ರ ಸಾಗುತ್ತವೆ. ಅಳಿಸಿದ ದಾಖಲೆಯ ಗುರುತೂ ತಕ್ಷಣ ಹೋಗುವುದಿಲ್ಲ. ಹೋದರೆ, ಅಳಿಸಿದ್ದು ಕಂಪ್ಯೂಟರಿಗೆ ಗೊತ್ತಾಗೋದು ಹೇಗೆ?

ಈಗ ಯೋಚಿಸಿ. ಆಫೀಸಿನ ಕಂಪ್ಯೂಟರಿನ ಜೊತೆ ಸಿಂಕ್ ಆದ ಮೇಲೆ ಬಿಟ್‌ಗಳೆಲ್ಲಾ ಅಳಿದುಹೋಗುತ್ತವೆ. ಆಮೇಲೆ ಮನೆಯ ಕಂಪ್ಯೂಟರಿಗೆ ಜೋಡಿಸಿದರೆ ಏನೂ ಬದಲಾಗಿಲ್ಲ ಎಂದೇ ಕಾಣುತ್ತದಲ್ವಾ? ಆದ್ದರಿಂದ ಹಿಂದಿನ ಸಲ ಬೇರೆ ಕಂಪ್ಯೂಟರ್ ಇದ್ದರೆ ಬಿಟ್ ನಂಬದೆ ಎಲ್ಲಾ ದಾಖಲೆಗಳನ್ನೂ ಹೋಲಿಸುತ್ತಿತ್ತು. ನಿಧಾನ, ಆದರೆ ಸುರಕ್ಷಿತ. ಒಂದೇ ದಾಖಲೆ ಎರಡೂ ಕಡೆ ಬೇರೆ ಬೇರೆಯಾಗಿ ಬದಲಾಗಿದ್ದರೆ? ಎರಡನ್ನೂ ಉಳಿಸಿ ತೀರ್ಮಾನ ನಮಗೇ ಬಿಡುತ್ತಿತ್ತು.

ಕನ್ನಡದ ಮಾತು

ಗ್ರಾಫಿಟಿಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಆ ಕೊರತೆಯನ್ನು ಕಂಡವರು ನಮ್ಮ ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ಸಿಂಪ್ಯೂಟರ್ ರೂಪಿಸಿದರು. ಲಿನಕ್ಸ್ ಆಧಾರದ ಈ ಯಂತ್ರ ಕನ್ನಡವೂ ಸೇರಿದಂತೆ ಭಾರತದ ಭಾಷೆಗಳನ್ನು ಓದಿ ಹೇಳಬೇಕು, ಸ್ಮಾರ್ಟ್ ಕಾರ್ಡ್ ಬದಲಿಸಿ ಒಂದನ್ನೇ ಹಲವರು ಬಳಸಬೇಕು ಎಂಬುದು ಕಲ್ಪನೆ. 2004ರಲ್ಲಿ ಬಿಇಎಲ್ ಸಹಯೋಗದಲ್ಲಿ ‘ಅಮಿಡಾ’ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಎಣಿಸಿದಷ್ಟು ಮಾರಾಟವಾಗಲಿಲ್ಲ ನಿಜ, ಆದರೆ ಯಂತ್ರ ಜನರ ಭಾಷೆಗೆ ಬರಬೇಕು ಎಂಬ ಬೇಡಿಕೆ ಇಂದಿಗೂ ಹಳೆಯದಾಗಿಲ್ಲ.

ನಾವೇನು ಮಾಡಬಹುದು?

ಇವತ್ತಿನ ಫೋನಿಗೆ ಪೈಲಟ್‌ಗಿಂತ ಸಾವಿರಾರು ಪಟ್ಟು ಮೆಮೊರಿ ಇದೆ. ಕೊರತೆ ಇರೋದು ಶಿಸ್ತಿನಲ್ಲಿ. ಹಾಗಾಗಿ ಮೂರು ಅಭ್ಯಾಸ ಇಟ್ಟುಕೊಳ್ಳೋಣ:

1. ದಿನಾಂಕಗಳಿಗೆಲ್ಲಾ ಒಂದೇ ಕ್ಯಾಲೆಂಡರ್. ಗ್ರೂಪಿನಲ್ಲಿ ಬಂದದ್ದನ್ನು ಆಗಲೇ ಅದಕ್ಕೆ ಸೇರಿಸೋಣ.
2. ‘ಪ್ರಾಜೆಕ್ಟ್’ ಎಂದಷ್ಟೇ ಬರೆಯುವುದು ಬೇಡ. ‘ಸೆನ್ಸರ್ ರೀಡಿಂಗ್ ತೆಗೆದು ಗೈಡಿಗೆ ತೋರಿಸುವುದು’ ಎಂದು ಮಾಡಬಹುದಾದ ಕೆಲಸ ಬರೆಯೋಣ.
3. ರಾತ್ರಿ ಮಲಗುವ ಮುಂಚೆ ಐದು ನಿಮಿಷ ಪಟ್ಟಿ ನೋಡಿ, ಮುಗಿದದ್ದನ್ನು ಹೊಡೆದುಹಾಕಿ, ಮುಖ್ಯವಾದದ್ದರ ಇನ್ನೊಂದು ಪ್ರತಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳೋಣ.

ಮುಂದಿನ ಇಂಟರ್ನಲ್ಸ್ ವರೆಗೆ ಮಾಡಿ ನೋಡಿ, ಏನಾಯಿತು ಅಂತ ಸಂಘದ ಸಭೆಯಲ್ಲಿ ಹೇಳಿ.