ಸಂಘದ ಮಳಿಗೆ ಕಟ್ಟಿಸೋಣ

ಅಕ್ಕತಂಗಿಯರೇ, ಅಡಿ, ಇಂಚು, ರೂಪಾಯಿ ಲೆಕ್ಕ ನಮಗೆ ಈಗ ಬರುತ್ತದೆ. ಆ ಲೆಕ್ಕವನ್ನು ಒಂದು ದೊಡ್ಡ ಕೆಲಸಕ್ಕೆ ಬಳಸಿ ನೋಡೋಣ.

ನಮ್ಮ ಸಂಘ ಬಸ್ಸು ನಿಲ್ಲುವ ಜಾಗದ ಹತ್ತಿರ ಎರಡು ಮಳಿಗೆ ಕಟ್ಟಿಸುತ್ತದೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ಹಿಟ್ಟಿನ ಗಿರಣಿ. ಇನ್ನೊಂದು ಬಾಡಿಗೆಗೆ. ಹಣ ಎಲ್ಲಿಂದ? ಸ್ವಲ್ಪ ನಮ್ಮ ಉಳಿತಾಯ, ಸ್ವಲ್ಪ ಬ್ಯಾಂಕಿನ ಸಾಲ. ವಾರ ವಾರ ಹೊಟ್ಟೆ ಕಟ್ಟಿ ಎತ್ತಿಟ್ಟ ದುಡ್ಡು ಇದು. ಸಿಮೆಂಟಿನಲ್ಲಿ ಸೇರಿದ ಮೇಲೆ ವಾಪಸು ತೆಗೆಯೋಕೆ ಆಗಲ್ಲ.

ಜಾಗ ಯಾರದು?

ಮೊದಲ ಪ್ರಶ್ನೆ ಇದೇ. ಎಷ್ಟೋ ಕಡೆ ಸಂಘದವರು ಒಬ್ಬ ಸದಸ್ಯೆಯ ಮನೆಯವರ ಜಾಗದಲ್ಲಿ ಕಟ್ಟುತ್ತಾರೆ. "ನಮ್ಮದೇ ಜಾಗ, ಕಟ್ಟಿಕೊಳ್ಳಿ" ಅಂತಾರೆ. ಬಾಯಿಮಾತು ಒಳ್ಳೆಯದೇ. ಆದರೆ ನಾಳೆ ಅಣ್ಣತಮ್ಮಂದಿರು ಪಾಲಾದರೆ? ಗೋಡೆ ನಮ್ಮದು, ನೆಲ ಅವರದು ಅಂತಾದರೆ ಜಗಳ ಯಾರ ಮನೆ ಬಾಗಿಲಿಗೆ ಬರುತ್ತೆ? ಆ ಸದಸ್ಯೆಯ ಮನೆ ಬಾಗಿಲಿಗೇ. ಆದ್ದರಿಂದ ಜಾಗ ಸಂಘದ ಹೆಸರಿಗೆ ಆಗಬೇಕು. ಇಲ್ಲವೇ ಗುತ್ತಿಗೆಗೆ ಪಡೆಯಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು. 1908ರ ನೋಂದಣಿ ಕಾಯಿದೆ ಹಾಗೆ ಹೇಳುತ್ತದೆ. ಬಿಳಿ ಹಾಳೆ ಮೇಲೆ ಬರೆದು ಪೆಟ್ಟಿಗೆಯಲ್ಲಿ ಇಟ್ಟರೆ ಸಾಲದು.

ಜಾಗ ಹೊಲದ್ದಾದರೆ ಭೂಪರಿವರ್ತನೆ ಬೇಕೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಕಟ್ಟಡಕ್ಕೆ ಗ್ರಾಮ ಪಂಚಾಯಿತಿ ಪರವಾನಗಿ ಬೇಕು. ಗಿರಣಿಯ ಯಂತ್ರ ಕೂರಿಸಲೂ ಪಂಚಾಯಿತಿಗೆ ಬೇರೆ ಅರ್ಜಿ ಕೊಡಬೇಕು. ಮೂರು ಫೇಸ್ ಕರೆಂಟಿಗೆ ವಿದ್ಯುತ್ ಕಚೇರಿಯಲ್ಲಿ ಅರ್ಜಿ. ಇವು ಕೈಗೆ ಬರುವ ತನಕ ಪಾಯ ತೋಡಿಸಬೇಡಿ.

ನೆಲದ ಮೇಲೆ ಗೆರೆ ಎಳೆಯಿರಿ

ಎಂಜಿನಿಯರ್ ಹತ್ತಿರ ನಕ್ಷೆ ಬರೆಸಬೇಕು. ಅದಕ್ಕೂ ಮೊದಲು ನಾವೇ ಸುಣ್ಣದ ಪುಡಿ ತಗೊಂಡು ಆ ಜಾಗದಲ್ಲೇ ಗೆರೆ ಎಳೆಯೋಣ. ಮುಂಭಾಗ 20 ಅಡಿ. ಆಳ 15 ಅಡಿ. ಒಳಗೆ ನಿಂತು ನೋಡಿ. ಗಿರಣಿ ಎಲ್ಲಿ ಬರುತ್ತೆ? ರಾಗಿ ಚೀಲ ಎಲ್ಲಿ ಇಳಿಸೋದು? ಹಿಟ್ಟಿಗಾಗಿ ಕಾಯುವವರು ಎಲ್ಲಿ ಕೂರಬೇಕು? ಮಳೆ ನೀರು ರಸ್ತೆಯಿಂದ ಒಳಗೆ ನುಗ್ಗುತ್ತದೆಯೇ? ನೆಲಮಟ್ಟ ರಸ್ತೆಗಿಂತ ಎತ್ತರ ಇರಬೇಕು. ತೀರಾ ಎತ್ತರ ಆದರೆ ತಲೆ ಮೇಲೆ ಚೀಲ ಹೊತ್ತವಳು ಮೆಟ್ಟಿಲು ಹತ್ತಬೇಕಾಗುತ್ತದೆ. ಗಂಡಸರು ಮಾತ್ರ ಕೂತು ನಕ್ಷೆ ಮಾಡಿದರೆ ಈ ಮೆಟ್ಟಿಲ ಮಾತು ಬರುವುದೇ ಇಲ್ಲ.

ಈಗ ಲೆಕ್ಕ. 20 ಅಡಿ × 15 ಅಡಿ = 300 ಚದರ ಅಡಿ. 100 ಚದರ ಅಡಿಗೆ ಮೇಸ್ತ್ರಿಗಳು ಒಂದು 'ಚದರ' ಅಂತಾರೆ. ನಮ್ಮದು 3 ಚದರ.

ಗುತ್ತಿಗೆದಾರರ ಜೊತೆ ಮಾತು

ಗುತ್ತಿಗೆ ಎರಡು ಬಗೆ. ಬರೀ ಕೂಲಿ ಗುತ್ತಿಗೆಯಾದರೆ ಸಾಮಾನು ನಾವೇ ತರಬೇಕು. ಸಾಮಾನು ಸಮೇತ ಗುತ್ತಿಗೆಯಾದರೆ ಎಲ್ಲಾ ಅವರದೇ. ಮೊದಲನೆಯದರಲ್ಲಿ ಓಡಾಟ ಜಾಸ್ತಿ. ಎರಡನೆಯದರಲ್ಲಿ ಕಣ್ಣಿಟ್ಟು ನೋಡುವ ಕೆಲಸ ಜಾಸ್ತಿ. ಇಬ್ಬರು ಮೂವರ ಹತ್ತಿರ ದರ ಕೇಳಿ. ಅವರು ಹಿಂದೆ ಕಟ್ಟಿದ ಮಳಿಗೆಗೆ ಹೋಗಿ ನೋಡಿ. ಮಳೆಗಾಲದಲ್ಲಿ ತಾರಸಿ ಸೋರಿತಾ ಅಂತ ಅಲ್ಲಿಯವರನ್ನೇ ಕೇಳಿ. ಕಡಿಮೆ ದರ ಹೇಳಿದವರೇ ಒಳ್ಳೆಯವರು ಎಂದು ನಾವಂತೂ ಹೇಳುವುದಿಲ್ಲ.

ಮಾತು ಹೀಗೆ ನಡೆಯಬಹುದು.

"ಅಕ್ಕಾ, ಬರೆಯೋದೆಲ್ಲಾ ಯಾಕೆ? ನಮ್ಮ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ ಅಣ್ಣಾ. ಆದ್ರೆ ನಾವು ಇಪ್ಪತ್ತು ಜನ. ಒಬ್ಬೊಬ್ಬರಿಗೆ ಒಂದೊಂದು ನೆನಪಿರುತ್ತೆ. ಬರೆದಿಟ್ಟರೆ ಎಲ್ಲರಿಗೂ ಒಂದೇ ಮಾತು."

"ಚದರಕ್ಕೆ ಇಷ್ಟು ಅಂತ ಹೇಳಿದೀನಲ್ಲಾ."

"ಚದರ ಯಾವುದರದ್ದು ಅಣ್ಣಾ? ಗೋಡೆ ಹೊರಗಿನ ಅಳತೆಯಾ? ಸಜ್ಜಾನೂ ಸೇರಿಸ್ತೀರಾ?"

ಇದು ಕೇಳಲೇಬೇಕಾದ ಮಾತು. ಮುಂದೆ ಮೂರಡಿ ಸಜ್ಜಾ ಬಿಟ್ಟರೆ 20 × 3 = 60 ಚದರ ಅಡಿ. ಅದನ್ನೂ ಅಳತೆಗೆ ಸೇರಿಸಿದರೆ 300 ಹೋಗಿ 360 ಆಗುತ್ತದೆ. ದರ ಒಂದೇ ಇದ್ದರೂ ದುಡ್ಡು ಬೇರೆ. ಕೆಲಸ ಮುಗಿದ ಮೇಲೆ ಬರುವ ಜಗಳದಲ್ಲಿ ಇಂಥದ್ದೇ ಹೆಚ್ಚು.

ದರದಲ್ಲಿ ಏನೇನು ಸೇರಿದೆ ಎಂದು ಬರೆಸಿ. ಗೋಡೆಯ ದಪ್ಪ ಎಷ್ಟು ಇಂಚು? ಕಂಬಿ ಎಷ್ಟು ಮಿಲಿಮೀಟರ್? ಸಿಮೆಂಟು ಯಾವುದು? ಶಟರ್ ಎಷ್ಟು ಗೇಜು? ಇಲ್ಲಿ ಒಂದು ತಮಾಷೆ ಇದೆ. ಗೇಜಿನ ಅಂಕಿ ಸಣ್ಣದಾದಷ್ಟೂ ತಗಡು ದಪ್ಪ. 20 ಗೇಜಿಗಿಂತ 18 ಗೇಜು ಗಟ್ಟಿ. ನೀರು, ಕರೆಂಟು ಯಾರ ಖರ್ಚು? ಕೆಲಸ ಯಾವ ತಾರೀಖಿಗೆ ಮುಗಿಯಬೇಕು? ಮಧ್ಯೆ ಹೊಸ ಕೆಲಸ ಸೇರಿದರೆ ಅದರ ದರವನ್ನೂ ಮೊದಲೇ ಬರೆದು ಸಹಿ ಮಾಡಿಸಬೇಕು. ಅವರ ಜೊತೆ ಕಲ್ಲು ಮಣ್ಣು ಹೊರುವ ಹೆಂಗಸರಿಗೂ ಗಂಡಸರಷ್ಟೇ ಕೂಲಿ ಸಿಗುತ್ತದೆಯೇ ಎಂದು ಕೇಳಿ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು ಕಾನೂನೇ ಇದೆ. ಹೆಂಗಸರ ಸಂಘದ ಕಟ್ಟಡದಲ್ಲಿಯೇ ಅದು ನಡೆಯದಿದ್ದರೆ ಹೇಗೆ?

ಹಣ ಕೊಡುವ ಬಗೆ

ಒಟ್ಟು 6 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಒಮ್ಮೆಗೇ ಕೊಡಬಾರದು. ಕೆಲಸ ಮುಂದೆ, ಹಣ ಹಿಂದೆ.

ಮುಂಗಡ: 60,000
ಪಾಯ ಮುಗಿದಾಗ: 1,20,000
ಗೋಡೆ ಎದ್ದಾಗ: 1,20,000
ತಾರಸಿ ಹಾಕಿದಾಗ: 1,50,000
ಗಾರೆ, ನೆಲ, ಶಟರ್ ಮುಗಿದಾಗ: 90,000
ಎಲ್ಲಾ ಮುಗಿದು ಒಂದು ತಿಂಗಳಾದಾಗ: 60,000

ಕೂಡಿ ನೋಡಿ. 6,00,000 ಬಂತೇ? ಕೊನೆಯ 60,000 ಯಾಕೆ ಉಳಿಸಿಕೊಂಡೆವು? ಬಿರುಕು ಬಿಟ್ಟರೆ, ಸೋರಿದರೆ ಗುತ್ತಿಗೆದಾರರು ಮತ್ತೆ ಬಂದು ಸರಿ ಮಾಡಲಿ ಅಂತ. ಪ್ರತಿ ಕಂತಿಗೂ ಸಂಘದ ಪುಸ್ತಕದಲ್ಲಿ ನಿರ್ಣಯ ಬರೆಯಿರಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ರಸೀದಿ ಪಡೆಯಿರಿ. ಹಾಗೆಯೇ ನಾವೂ ಮಾತಿಗೆ ತಪ್ಪಬಾರದು. ಗೋಡೆ ಎದ್ದ ಮೇಲೂ ಹಣ ಕೊಡದೆ ಸತಾಯಿಸಿದರೆ ಕೂಲಿಯವರ ಒಲೆ ಉರಿಯುವುದಿಲ್ಲ.

ಕೆಲಸ ನಡೆಯುವಾಗ

ದಿನಕ್ಕೆ ಇಬ್ಬರಂತೆ ಸರದಿ ಹಾಕಿಕೊಂಡು ಹೋಗಿ ನೋಡೋಣ. ಸಿಮೆಂಟು ಚೀಲದ ಮೇಲೆ ಯಾವ ವಾರ, ಯಾವ ವರ್ಷ ತುಂಬಿದ್ದು ಎಂದು ಅಂಕಿ ಇರುತ್ತದೆ. ಅಂಕಿ ನಮಗೆ ಓದಲು ಬರುತ್ತದೆ. ಮೂರು ತಿಂಗಳಿಗಿಂತ ಹಳೆಯದಾದರೆ ಪರೀಕ್ಷೆ ಮಾಡಿಸದೆ ಬೇಡ ಎನ್ನಿ. ಒಳಗೆ ಗಂಟು ಕಟ್ಟಿದ್ದರೂ ಬೇಡ. ಮರಳನ್ನು ಗಾಜಿನ ಬಾಟಲಿಗೆ ಹಾಕಿ, ನೀರು ಸುರಿದು, ಕುಲುಕಿ ಇಡಿ. ಮಣ್ಣು ಮೇಲೆ ಬೇರೆ ಪದರವಾಗಿ ನಿಲ್ಲುತ್ತದೆ. ಪದರ ದಪ್ಪ ಇದ್ದರೆ ಆ ಮರಳು ತೊಳೆಯದೆ ಬಳಸಬಾರದು.

ತಾರಸಿ ಹಾಕುವ ದಿನ ಮುಖ್ಯ. 1 ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, 3 ಪಾಲು ಜಲ್ಲಿ ಎಂದು ಬರೆಸಿದ್ದೇವೆ. 5 ಇಂಚು ದಪ್ಪದ 300 ಚದರ ಅಡಿ ತಾರಸಿಗೆ ಈ ಲೆಕ್ಕದಲ್ಲಿ ಸುಮಾರು 28 ಚೀಲ ಸಿಮೆಂಟು ಬೇಕು. ಸಜ್ಜಾಕ್ಕೆ ಬೇರೆ. ಸಂಜೆ ಖಾಲಿ ಚೀಲ ಎಣಿಸಿ. 20 ಮಾತ್ರ ಇದ್ದರೆ ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಬೇಕು. ಕಲಸುವಾಗ ಸುಲಭವಾಗಲಿ ಅಂತ ನೀರು ಹೆಚ್ಚು ಸುರಿಯುತ್ತಾರೆ. ಆಗ ಕಾಂಕ್ರೀಟು ಬಲ ಕಳೆದುಕೊಳ್ಳುತ್ತದೆ. ಮಾರನೆಯ ದಿನದಿಂದ ಅದೇ ತಾರಸಿಗೆ ನೀರು ಬೇಕೇ ಬೇಕು. ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಹತ್ತು ದಿನಕ್ಕೆ ಕಡಿಮೆ ಬೇಡ, ಎರಡು ವಾರವಾದರೆ ಒಳ್ಳೆಯದು.

ಹಳೇ ಕಟ್ಟಡವಾದರೆ

ಕೆಲವು ಸಂಘಗಳು ಹಳೇ ಮನೆಯನ್ನೇ ಮಳಿಗೆ ಮಾಡುತ್ತವೆ. ಖರ್ಚು ಕಡಿಮೆ. ಆದರೆ ಶಟರ್ ಇಡಲು ಮುಂದಿನ ಗೋಡೆ ಒಡೆಯುವ ಮೊದಲು ಆ ಗೋಡೆ ಮೇಲಿನ ಭಾರ ಹೊತ್ತಿದೆಯೇ ಎಂದು ಎಂಜಿನಿಯರಿಗೆ ತೋರಿಸಿ. ಹೊತ್ತಿದ್ದರೆ ಮೇಲೆ ಆಧಾರ ಕೊಟ್ಟು, ತೊಲೆ ಕೂರಿಸಿಯೇ ಒಡೆಯಬೇಕು. ಇದರಲ್ಲಿ ಅವಸರ ಮಾಡಿದರೆ ಜೀವಕ್ಕೇ ಅಪಾಯ.

ಓದಿ, ತುಂಬಿ

ಕಟ್ಟಡದ ಹೊರ ಅಳತೆ: ___ ಅಡಿ × ___ ಅಡಿ = ___ ಚದರ ಅಡಿ.
ಸಜ್ಜಾ ಅಳತೆಗೆ ಸೇರಿದೆ / ಸೇರಿಲ್ಲ.
ಗೋಡೆಯ ದಪ್ಪ: ___ ಇಂಚು. ತಾರಸಿಯ ದಪ್ಪ: ___ ಇಂಚು.
ಒಟ್ಟು ಹಣ: ___ ರೂಪಾಯಿ. ಮುಂಗಡ: ___ ರೂಪಾಯಿ.
ಕೆಲಸ ಮುಗಿಸುವ ತಾರೀಖು: ___
ಗುತ್ತಿಗೆದಾರರ ಸಹಿ: ___
ಸಂಘದ ಪರವಾಗಿ ಇಬ್ಬರ ಸಹಿ: ___ ___